ಫಿಲಿಪಿನೋ–ಕ್ಯೂಬನ್ ಬ್ರಂಚ್ ಡೈನರ್: ಪ್ರತಿ ತಟ್ಟೆಯಲ್ಲೂ ಎರಡನ್ನೂ ಬೆರೆಸಬೇಕೇ?

ಅಮೆರಿಕದ ಜೆರ್ಸಿ ಸಿಟಿಯಲ್ಲಿ ಫಿಲಿಪಿನೋ ಗೆಳೆಯನ ಜೊತೆ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮಾತ್ರ ತೆರೆದಿರುವ ಪುಟ್ಟ ಹೋಟೆಲ್, ಅಂದರೆ ಡೈನರ್, ತೆರೆಯುವ ಯೋಚನೆ ನಿಮ್ಮದು. ಪ್ರತಿ ತಟ್ಟೆಯಲ್ಲೂ ಮನಿಲಾ ಮತ್ತು ಹವಾನಾ ಎರಡರ ರುಚಿ ಬೆರೆಸಬೇಕೇ ಅಂತ ಕೇಳಿದ್ದೀರಿ. ಇಂಥದ್ದೇ ಡೈನರ್ ನಾನೂ ನಡೆಸಿದ್ದೇನೆ. ನಮ್ಮಲ್ಲಿ ಮಾಂಸದ ಅಡುಗೆ ನನ್ನ ಫಿಲಿಪಿನೋ ಗೆಳೆಯನದು. ಬೀನ್ಸ್, ಬಾಳೆಕಾಯಿ, ಕಾಫಿ ಎಲ್ಲ ಪಕ್ಕದ ಯೂನಿಯನ್ ಸಿಟಿಯಲ್ಲಿ ಬೆಳೆದ ಒಬ್ಬ ಹಿರಿಯ ಕ್ಯೂಬನ್ ಅಮ್ಮನದು. ಲೆಕ್ಕಪತ್ರ ಮತ್ತು ಅನ್ನ ನನ್ನದು. ಅನ್ನ ನನಗೆ ಗೊತ್ತಿರುವ ಕೆಲಸ ಅಂದುಕೊಂಡಿದ್ದೆ.

ತಿಂಡಿ–ಊಟ ಎರಡೂ ಸೇರಿದ ಬ್ರಂಚ್‌ನಲ್ಲಿ ನಮ್ಮ ಮುಖ್ಯ ತಟ್ಟೆ ತಪ್ಸಿಲೋಗ್ ಎಂಬ ಫಿಲಿಪಿನೋ ತಿಂಡಿ. ಮಸಾಲೆಯಲ್ಲಿ ನೆನೆಸಿದ ಗೋಮಾಂಸ, ಮೊಟ್ಟೆ, ಜೊತೆಗೆ ಸಿನಂಗಾಗ್ ಎಂಬ ಬೆಳ್ಳುಳ್ಳಿ ಹುರಿದನ್ನ. ಸಿನಂಗಾಗ್‌ಗೆ ಬಿಸಿ ಅನ್ನ ನಡೆಯುವುದಿಲ್ಲ, ಮುದ್ದೆಯಾಗುತ್ತದೆ. ಹಿಂದಿನ ದಿನದ್ದೇ ಬೇಕು, ಉದುರುದುರಾಗಿ ತಣ್ಣಗಿರಬೇಕು. ನಮ್ಮ ಮನೆಯಲ್ಲಿ ರಾತ್ರಿ ಉಳಿದ ಅನ್ನ ಅಡುಗೆಮನೆಯ ಕಟ್ಟೆ ಮೇಲೇ ಇರುತ್ತಿತ್ತು, ಬೆಳಗ್ಗೆ ಒಗ್ಗರಣೆ ಹಾಕಿದರೆ ಚಿತ್ರಾನ್ನ. ಅದೇ ಅಭ್ಯಾಸದಲ್ಲಿ ಶನಿವಾರ ರಾತ್ರಿ ದೊಡ್ಡ ಕೊಳದಪ್ಪಲೆಯಲ್ಲಿ ಅನ್ನ ಮಾಡಿ, ಮುಚ್ಚಳ ಮುಚ್ಚಿ, ಹೊರಗೇ ಬಿಟ್ಟು ಮನೆಗೆ ಹೋಗುತ್ತಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಓದಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಇರುವಷ್ಟು ಹೊತ್ತೂ ಮೊಳೆತು ಹೆಚ್ಚುತ್ತವೆ, ಕೆಲವು ವಿಷವನ್ನೂ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಬೆಳಗ್ಗೆ ಎಣ್ಣೆಯಲ್ಲಿ ಹುರಿದರೂ ಹೋಗುವುದಿಲ್ಲ. ಮನೆಯ ಒಂದು ಪಾವು ಅಕ್ಕಿಯ ಅನ್ನ ಬೇಗ ಆರುತ್ತದೆ. ಕೊಳದಪ್ಪಲೆಯ ನಡುಭಾಗ ಹಾಗಲ್ಲ, ಅದನ್ನು ಹಾಗೇ ಫ್ರಿಜ್‌ಗೆ ತಳ್ಳಿದರೂ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಮೆರಿಕದ ಆಹಾರ–ಔಷಧ ಸಂಸ್ಥೆ ಎಫ್‌ಡಿಎಯ ಫುಡ್ ಕೋಡ್ ಹೇಳುವುದು ಇಷ್ಟು: 57 ಡಿಗ್ರಿ ಸೆಲ್ಸಿಯಸ್‌ನಿಂದ 21ಕ್ಕೆ 2 ಗಂಟೆಯೊಳಗೆ, 5 ಡಿಗ್ರಿಗೆ ಒಟ್ಟು 6 ಗಂಟೆಯೊಳಗೆ ಇಳಿಯಬೇಕು. ನಾನು ಆ ನಿಯಮವನ್ನು ಮಾಂಸಕ್ಕೆ ಪಾಲಿಸುತ್ತಿದ್ದೆ. ಅನ್ನಕ್ಕೂ ಅದೇ ಅಂತ ಹೊಳೆದಿರಲಿಲ್ಲ.

ಹೆಲ್ತ್ ಇನ್‌ಸ್ಪೆಕ್ಟರ್ ಬಂದವರು ನೇರವಾಗಿ ಪಾತ್ರೆಯ ನಡುವೆ ಥರ್ಮಾಮೀಟರ್ ಚುಚ್ಚಿದರು. ಅಷ್ಟೂ ಅನ್ನ ಕಸಕ್ಕೆ ಹೋಯಿತು. ಬಾಗಿಲಿಗೆ 'ಕಂಡಿಷನಲಿ ಸ್ಯಾಟಿಸ್‌ಫ್ಯಾಕ್ಟರಿ', ಅಂದರೆ ಷರತ್ತಿನ ಮೇಲೆ ತೃಪ್ತಿಕರ, ಎಂಬ ಫಲಕ ಬಂತು. ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ, ಅದು ದೇವರ ದಯೆ. ಆದರೆ ಚರ್ಚ್ ಮುಗಿಸಿ ಮಕ್ಕಳು ಮರಿ ಸಮೇತ ಬರುತ್ತಿದ್ದ ಫಿಲಿಪಿನೋ ಕುಟುಂಬಗಳು ಆ ಫಲಕ ಓದಿ ವಾಪಸಾದವು. ಮರುತಪಾಸಣೆಯಲ್ಲಿ ಪಾಸಾದ ಮೇಲೂ ಅವರಲ್ಲಿ ಹೆಚ್ಚಿನವರು ಮರಳಲಿಲ್ಲ. ಲೀಸ್ ಮುಗಿದಾಗ ಮುಂದುವರಿಸಲು ಕೈಯಲ್ಲಿ ದುಡ್ಡು ಇರಲಿಲ್ಲ.

ಸರಿಯಾದ ಕ್ರಮ ಸುಲಭ. ಅಗಲವಾದ ತಟ್ಟೆಗಳಲ್ಲಿ ಅನ್ನವನ್ನು ತೆಳ್ಳಗೆ ಹರವಿ, ಮುಚ್ಚದೆ ಫ್ರಿಜ್‌ಗೆ ಇಡಿ. ಪೂರ್ತಿ ತಣ್ಣಗಾದ ಮೇಲೆ ಮುಚ್ಚಿ. ಉಷ್ಣತೆ ಮತ್ತು ಗಂಟೆ ಬರೆದಿಡಿ. ಕ್ಯೂಬನ್ ಕಪ್ಪು ಬೀನ್ಸ್ ಜೊತೆಗಿನ ಅನ್ನ ಬೇರೆಯೇ, ಅದನ್ನು ಬೆಳಗ್ಗೆ ಬಿಸಿಬಿಸಿಯಾಗಿ ಮಾಡಿ. ಒಂದೇ ಪಾತ್ರೆಯಲ್ಲಿ ಎರಡಕ್ಕೂ ಅನ್ನ ಮಾಡುವ ಆಸೆ ಬೇಡ. ಅಂಗಡಿಯೋ ಫುಡ್ ಟ್ರಕ್ಕೋ ಅಂತ ಕೇಳಿದ್ದೀರಿ. ಇಷ್ಟು ತಟ್ಟೆ ಹರವಲು ಟ್ರಕ್‌ನಲ್ಲಿ ಜಾಗ ಸಿಗುವುದು ಕಷ್ಟ, ಹಾಗಾಗಿ ಅಂಗಡಿಯೇ.

ಇನ್ನು ಬೆರೆಸುವ ವಿಚಾರ. ಅದನ್ನು ನಾನು ಒಪ್ಪುವುದಿಲ್ಲ. ಎರಡೂ ದೇಶಗಳು 1898ರವರೆಗೆ, ಮುನ್ನೂರು ವರ್ಷಕ್ಕೂ ಜಾಸ್ತಿ, ಸ್ಪೇನ್ ಕೈಯಲ್ಲಿದ್ದವು. ಬೆಳ್ಳುಳ್ಳಿ–ಈರುಳ್ಳಿ ಹುರಿದು ಅಡುಗೆ ಶುರುಮಾಡುವುದು, ಇಡೀ ಹಂದಿ ಸುಡುವುದು, ಫ್ಲಾನ್ ಎಂಬ ಹಾಲು–ಮೊಟ್ಟೆಯ ಸಿಹಿ, ಇವೆಲ್ಲ ಎರಡೂ ಕಡೆ ಆಗಲೇ ಇವೆ. ಅದರ ಮೇಲೆ ನೀವು ಸುಮ್ನೆ ಬೆರೆಸಿದರೆ ಎರಡೂ ಕೆಡುತ್ತವೆ. ನಾವು ಫಿಲಿಪಿನೋಗಳ ಹಂದಿಮಾಂಸದ ಅಡೋಬೋ ಮೇಲೆ ಮೋಹೊ ಎಂಬ ಕ್ಯೂಬನ್ ಸಾಸ್ ಸುರಿದು ನೋಡಿದೆವು. ಅಡೋಬೋದಲ್ಲಿ ವಿನೆಗರ್, ಮೋಹೊದಲ್ಲಿ ಹುಳಿ ಕಿತ್ತಳೆ ರಸ. ಹುಳಿ ಮೇಲೆ ಹುಳಿ ಬಿದ್ದು ಹಂದಿಮಾಂಸದ ರುಚಿಯೇ ಸಿಗಲಿಲ್ಲ. ಶಿಕಾಗೋದ ಬಯಾನ್ ಕೋ ಎಂಬ ರೆಸ್ಟೋರೆಂಟ್ ನಡೆಸುವ ದಂಪತಿಯಲ್ಲಿ ಗಂಡ ಫಿಲಿಪಿನೋ, ಹೆಂಡತಿ ಕ್ಯೂಬನ್. ಸಾಧ್ಯವಾದರೆ ಒಮ್ಮೆ ಅಲ್ಲಿ ಹೋಗಿ ಉಂಡು ಬನ್ನಿ.

ಮೊದಲ ದಿನದಿಂದಲೇ ಪಟ್ಟಿಯಲ್ಲಿ ಇರಬೇಕಾದದ್ದು ಆರೋಸ್ ಆ ಲಾ ಕುಬಾನಾ. ಹೆಸರಲ್ಲೇ ಕ್ಯೂಬಾ ಇದೆ, ಆದರೆ ಫಿಲಿಪಿನೋ ಮನೆಗಳ ಮಾಮೂಲಿ ಊಟ: ಬಿಳಿ ಅನ್ನ, ಟೊಮೆಟೊ ಹಾಕಿ ಬೇಯಿಸಿದ ಕೊಚ್ಚಿದ ಮಾಂಸ, ಹುರಿದ ಸಾಬಾ ಬಾಳೆಹಣ್ಣು, ಮೇಲೊಂದು ಮೊಟ್ಟೆ. ನಮ್ಮಲ್ಲಿ ಎರಡೂ ಕಡೆಯ ಅಜ್ಜಿಯಂದಿರು ಅದನ್ನು ತಮ್ಮದೇ ಅಂದುಕೊಂಡು ತಿಂದರು. ಬಾಳೆಹಣ್ಣು ಚೆನ್ನಾಗಿ ಮಾಗಿರಲಿ, ಮೊಟ್ಟೆಯ ಅಂಚು ಗರಿಗರಿಯಾಗಲಿ. ಮೋಹೊ ಕೇಳಿದವರಿಗೆ ಬೇರೆ ಬಟ್ಟಲಲ್ಲಿ ಕೊಡಿ.