ಹುಳ ನೋಡಲು ಲಿವರ್‌ಪೂಲ್‌ವರೆಗೆ ಬರಬೇಕಾ?

ಬದಿಯಡ್ಕದ ತಂಗೀ,

ನಿನ್ನ ಪತ್ರ ಓದಿದೆ. ಕಾಸರಗೋಡಿನಲ್ಲಿ ಜೂವಾಲಜಿ ಬಿಎಸ್ಸಿ ಮುಗಿಸಿದ್ದೀಯ. ಪ್ಯಾರಸೈಟಾಲಜಿಯಲ್ಲಿ, ಅಂದರೆ ಬೇರೆ ಜೀವಿಯ ಮೈಯಲ್ಲಿ ಬದುಕುವ ಹುಳ, ರೋಗಾಣುಗಳ ಓದಿನಲ್ಲಿ, ಮಾಸ್ಟರ್ಸ್ ಮಾಡಲು ಇಂಗ್ಲೆಂಡಿಗೆ ಬರುವ ಆಸೆ. ಏನು ಕಲಿಸುತ್ತಾರೆ, ಆಮೇಲೆ ಕೆಲಸ ಸಿಗುತ್ತದಾ, ಹತ್ತನೆಯವರೆಗೆ ಕನ್ನಡ ಮೀಡಿಯಂ ಓದಿದವಳಿಗೆ ಆಗುತ್ತದಾ, ಅಪ್ಪ ತೋಟ ಅಡವಿಡಲು ಹೊರಟಿದ್ದಾರೆ ಸರಿಯಾ ಅಂತ ಕೇಳಿದ್ದೀಯ. ಅಕ್ಕಾ ಅಂತ ಕರೆದಿದ್ದೀಯಲ್ಲ, ನಾನೂ ನೀನು ಅಂತಲೇ ಬರೆಯುತ್ತೇನೆ.

ನಾನು ಪೆರ್ಲದವಳು. 2011ರ ಸೆಪ್ಟೆಂಬರಿನಲ್ಲಿ ಇಲ್ಲಿಗೆ, ಲಿವರ್‌ಪೂಲಿಗೆ, ಓದಲು ಬಂದೆ. ಹೊರಡುವಾಗ ಅಜ್ಜಿ ಕೇಳಿದ್ದು ಒಂದೇ ಮಾತು. "ಹೇಲು ಪರೀಕ್ಷೆ ಮಾಡಲು ಅಷ್ಟು ದೂರ ಹೋಗಬೇಕಾ ಮಗಾ?" ಮನೆಯವರೆಲ್ಲ ನಕ್ಕರು. ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಐದಾರು ವರ್ಷ ಹಿಡಿಯಿತು.

ಮೊದಲು ದುಡ್ಡಿನ ವಿಷಯ ಮುಗಿಸುತ್ತೇನೆ. ತೋಟ ಅಡವಿಡಬೇಡಿ. ನಮ್ಮಂಥ ಹೊರದೇಶದವರಿಗೆ ಈ ಕೋರ್ಸುಗಳ ಫೀಸೇ 20 ಸಾವಿರ ಪೌಂಡಿಗಿಂತ ಜಾಸ್ತಿ. ಅದರ ಮೇಲೆ ಬಾಡಿಗೆ, ಊಟ, ಬಸ್ಸು. ವೀಸಾಕ್ಕೆ ಅರ್ಜಿ ಹಾಕುವಾಗಲೇ ಆರೋಗ್ಯದ ಸರ್ಚಾರ್ಜ್ ಅಂತ ವರ್ಷಕ್ಕೆ 776 ಪೌಂಡ್ ಕಟ್ಟಬೇಕು. ಕೋರ್ಸು ಒಂದೇ ವರ್ಷದ್ದಾದರೂ ವೀಸಾ ಸ್ವಲ್ಪ ಉದ್ದ ಇರುವುದರಿಂದ ಲೆಕ್ಕ ಒಂದೂವರೆ ವರ್ಷದ್ದು, 1,164 ಪೌಂಡ್. ಖರ್ಚಿನ ದುಡ್ಡು ಬ್ಯಾಂಕಿನಲ್ಲಿ 28 ದಿನ ಅಲುಗಾಡದೆ ಇರಬೇಕು. ಕ್ಷಯದ ಪರೀಕ್ಷೆಯೂ ಆಗಬೇಕು. ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು, ಅದರಲ್ಲಿ ಊಟದ ಖರ್ಚು ಹುಟ್ಟೀತು, ಫೀಸು ಹುಟ್ಟದು. "ಅಲ್ಲಿ ಹೋಗಿ ದುಡಿದು ಸಾಲ ತೀರಿಸಬಹುದು" ಅಂತ ಹೇಳುವ ಏಜೆಂಟಿಗೆ ಸುಮ್ನೆ ನಮಸ್ಕಾರ ಹೇಳಿ ಎದ್ದು ಬಾ.

ಬರುವುದಾದರೆ ಸ್ಕಾಲರ್‌ಶಿಪ್ಪಿನಲ್ಲಿ ಬಾ. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಇದೆ, ಮುಗಿಸಿ ಊರಿಗೆ ವಾಪಸ್ ಹೋಗುತ್ತೇನೆ ಅಂತ ಒಪ್ಪಿಕೊಳ್ಳಬೇಕು. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಇದೆ, ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು. ಎರಡು ವರ್ಷ ಕಾಯುವುದಾ ಅಂತ ಮುಖ ಸಣ್ಣ ಮಾಡಬೇಡ. ಕಾಯಲೇಬೇಕು ಅಂತ ನಾನೂ ಹೇಳುವವಳಿದ್ದೇನೆ, ಕಾರಣ ಮುಂದೆ ಬರುತ್ತದೆ.

ಇನ್ನೊಂದು ಸಂಗತಿ. "ಮದುವೆ ಮಾಡಿ ಕಳಿಸೋಣ, ಅಳಿಯನೂ ಜೊತೆಗೆ ಹೋಗಲಿ" ಅಂತ ಮನೆಯಲ್ಲಿ ಯಾರಾದರೂ ಲೆಕ್ಕ ಹಾಕುತ್ತಿದ್ದರೆ, 2024ರ ಜನವರಿಯಿಂದ ಇಂಥ ಕೋರ್ಸಿಗೆ ಬರುವವರು ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಜೊತೆಗೆ ತರುವ ಹಾಗಿಲ್ಲ ಅಂತ ಹೇಳು. ನಿನಗೆ ಇದು ಉಪಯೋಗಕ್ಕೂ ಬಂದೀತು.

ಈಗ ಕಲಿಕೆ. ಮುಖ್ಯವಾಗಿ ಮೂರು ಗುಂಪು. ಮಲೇರಿಯಾದಂಥ ಒಂದೇ ಕೋಶದ ಜೀವಿಗಳು, ಹುಳಗಳು, ಇವನ್ನು ಹೊತ್ತು ತರುವ ಸೊಳ್ಳೆ, ನೊಣ, ಉಣ್ಣಿ, ಬಸವನಹುಳುಗಳು. ಜೊತೆಗೆ ಇಮ್ಯುನಾಲಜಿ (ಮೈಯ ರೋಗನಿರೋಧಕ ಶಕ್ತಿಯ ಪಾಠ), ಪಿಸಿಆರ್ (ಡಿಎನ್‌ಎ ಹಿಡಿದು ರೋಗಾಣು ಪತ್ತೆ ಮಾಡುವ ಪರೀಕ್ಷೆ), ಸ್ಟ್ಯಾಟಿಸ್ಟಿಕ್ಸ್. ಸ್ಟ್ಯಾಟಿಸ್ಟಿಕ್ಸ್ ಈಗಿಂದಲೇ ಕಲಿ. ಅಲ್ಲಿ ಅತ್ತವರಲ್ಲಿ ನಾನೂ ಒಬ್ಬಳು. ಎರಡು ಟರ್ಮ್ ಪಾಠ, ಬೇಸಿಗೆ ಪೂರ್ತಿ ಪ್ರಾಜೆಕ್ಟ್. ಲಂಡನ್ನಿನಲ್ಲೂ ಲಿವರ್‌ಪೂಲಿನಲ್ಲೂ ಇದಕ್ಕೆಂದೇ ನೂರು ವರ್ಷ ದಾಟಿದ ಶಾಲೆಗಳಿವೆ. ಲಿವರ್‌ಪೂಲಿನದ್ದು 1898ರದ್ದು, ಲಂಡನ್ನಿನದ್ದು 1899ರದ್ದು. ಬಂದರಿಗೆ ಬರುವ ಹಡಗುಗಳ ಜೊತೆ ಜ್ವರವೂ ಬರುತ್ತಿತ್ತು, ಹಾಗಾಗಿ ಹುಟ್ಟಿದವು. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಕಂಡ ಮೇಲೆ ಪಾಠ ಹೇಳಲು ಬಂದದ್ದು ಲಿವರ್‌ಪೂಲಿಗೇ. ಆ ಸೊಳ್ಳೆಗಳಿಗೆ ಮೈ ಕೊಟ್ಟವನು ಹುಸೇನ್ ಖಾನ್ ಎಂಬ ರೋಗಿ. ಕಚ್ಚಿದ ಒಂದೊಂದು ಸೊಳ್ಳೆಗೆ ಅವನಿಗೆ ಒಂದಾಣೆ ಕೂಲಿ. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು.

ಪಾಠ ಕೇಳುತ್ತಾ ಕೂತಾಗ ನನಗೆ ಒಂದು ವಿಚಿತ್ರ ಅನುಭವ ಆಗುತ್ತಿತ್ತು. ಪಕ್ಕದಲ್ಲಿ ಕೂತ ಇಂಗ್ಲೆಂಡಿನ ಹುಡುಗಿಗೆ ಎಲ್ಲವೂ ಪುಸ್ತಕದ ಚಿತ್ರ. ನನಗೆ ಎಲ್ಲವೂ ಮನೆಯ ಅಂಗಳ. ಸೊಳ್ಳೆ ಎಲ್ಲಿ ಮೊಟ್ಟೆ ಇಡುತ್ತದೆ ಅಂದಾಗ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಮಳೆಗಾಲದಲ್ಲಿ ಕವುಚಿ ಹಾಕದೆ ಬಿಟ್ಟ, ರಬ್ಬರ್ ಹಾಲು ಹಿಡಿಯುವ ಗೆರಟೆ ಕಣ್ಣಿಗೆ ಬಂತು. ಕೊಕ್ಕೆಹುಳುವಿನ ಮರಿ ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ ಅಂದಾಗ ಚಪ್ಪಲಿ ಇಲ್ಲದೆ ತೋಟಕ್ಕೆ ಹೋಗಿ ಬೈಸಿಕೊಂಡದ್ದು ನೆನಪಾಯಿತು. ಉಣ್ಣಿಯ ಪಾಠದ ದಿನ ನಮ್ಮ ಹಟ್ಟಿಯ ಗಿಡ್ಡ ದನ ನೆನಪಾಯಿತು. ಅದರ ಕಿವಿಯಿಂದ ಉಣ್ಣಿ ಕಿತ್ತು ಬಚ್ಚಲೊಲೆಯ ಕೆಂಡಕ್ಕೆ ಹಾಕುತ್ತಿದ್ದೆವು. ಪಟ್ ಅಂತ ಸಿಡಿಯುತ್ತಿತ್ತು. ಕ್ಲಾಸಿನಲ್ಲಿ ಉಣ್ಣಿಯನ್ನು ಕೈಯಲ್ಲಿ ಹಿಡಿದವಳು ನಾನೊಬ್ಬಳೇ.

ನಾನು ಸಣ್ಣವಳಿದ್ದಾಗ ಆನೆಕಾಲು ರೋಗದ ಪರೀಕ್ಷೆಗೆ ರಾತ್ರಿ ಹೊತ್ತು ರಕ್ತ ತೆಗೆಯಲು ಬರುತ್ತಿದ್ದರು. ಹಗಲು ಬರಬಾರದಾ ಅಂತ ಅಜ್ಜ ಗೊಣಗುತ್ತಿದ್ದರು. ಆ ರೋಗ ತರುವ ಹುಳದ ಮರಿಗಳು ಹಗಲಿಡೀ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಸೊಳ್ಳೆ ಕಚ್ಚುವ ಹೊತ್ತಿಗೆ, ರಾತ್ರಿ ಹತ್ತರಿಂದ ಎರಡರ ಮಧ್ಯೆ, ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಅಜ್ಜನ ಗೊಣಗಾಟಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿ.

ಹಾಗಂತ ಅಂಗಳ ಗೊತ್ತಿದ್ದರೆ ಸಾಕು ಅಂದುಕೊಂಡು ನಾನು ಸರಿಯಾಗಿ ಪೆಟ್ಟು ತಿಂದೆ. ಪ್ರಾಜೆಕ್ಟಿಗೆ ಉಗಾಂಡದಲ್ಲಿ ಸರೋವರದ ದಂಡೆಯ ಒಂದು ಶಾಲೆಗೆ ಹೋಗಿದ್ದೆವು. ಮಕ್ಕಳ ಮಲ ಪರೀಕ್ಷೆ. ಕಾಟೊ-ಕಾಟ್ಜ್ ಅಂತ ವಿಧಾನ. ಮಲವನ್ನು ಸಣ್ಣ ಜರಡಿಯಲ್ಲಿ ಉಜ್ಜಿ, ತೂತಿರುವ ಒಂದು ಪ್ಲಾಸ್ಟಿಕ್ ಅಚ್ಚಿನಲ್ಲಿ ಗಾಜಿನ ಮೇಲೆ ತುಂಬಬೇಕು. ಆ ತೂತಿಗೆ ಹಿಡಿಯುವುದು 41.7 ಮಿಲಿಗ್ರಾಂ. ಮೇಲೆ ಗ್ಲಿಸರಿನ್ನಿನಲ್ಲಿ ನೆನೆಸಿದ ಹಸಿರು ಸೆಲ್ಲೋಫೇನ್ ಮುಚ್ಚಿ ಒತ್ತಬೇಕು. ಕಂಡ ಮೊಟ್ಟೆಗಳನ್ನು ಎಣಿಸಿ 24ರಿಂದ ಗುಣಿಸಿದರೆ ಒಂದು ಗ್ರಾಂಗೆ ಎಷ್ಟು ಅಂತ ಗೊತ್ತಾಗುತ್ತದೆ. ಸುಲಭ ಅಲ್ವಾ? ಮೊದಲ ದಿನ ಹನ್ನೆರಡು ಸ್ಲೈಡ್ ಮಾಡಿಟ್ಟು ನಾನು ಚಹಾ ಕುಡಿಯಲು ಹೋದೆ. ಮಾತು ಉದ್ದವಾಯಿತು. ಬಂದು ನೋಡಿದರೆ ಜಂತುಹುಳುವಿನ ಮೊಟ್ಟೆ ಇದೆ, ಶಿಸ್ಟೊಸೋಮಾ ಅಂತ ರಕ್ತನಾಳದಲ್ಲಿ ಬದುಕುವ ಹುಳದ, ಬದಿಯಲ್ಲಿ ಮುಳ್ಳಿರುವ ಮೊಟ್ಟೆ ಇದೆ, ಕೊಕ್ಕೆಹುಳುವಿನದ್ದು ಒಂದೂ ಇಲ್ಲ. ಖುಷಿಯಿಂದ ಸೊನ್ನೆ ಸೊನ್ನೆ ಅಂತ ಬರೆದೆ. ಅಲ್ಲಿನ ಹಿರಿಯ ಟೆಕ್ನಿಷಿಯನ್ ಒಬ್ಬರು ಗಡಿಯಾರ ನೋಡಿ ನಕ್ಕರು. ಕೊಕ್ಕೆಹುಳುವಿನ ಮೊಟ್ಟೆಯ ಸಿಪ್ಪೆ ತೀರಾ ತೆಳು. ಅರ್ಧದಿಂದ ಒಂದು ಗಂಟೆಯೊಳಗೆ ನೋಡದಿದ್ದರೆ ಗ್ಲಿಸರಿನ್ನಿನಲ್ಲಿ ಕರಗಿದ ಹಾಗೆ ಮಾಯವಾಗುತ್ತದೆ. ಹನ್ನೆರಡನ್ನೂ ಹೊಸದಾಗಿ ಮಾಡಿದೆ. ಏಳರಲ್ಲಿ ಇತ್ತು.

ಇಲ್ಲಿನ ಓದು ಕೊಡುವುದು ಇದನ್ನೇ. ಹುಳದ ಪರಿಚಯ ನಿನಗೆ ಇದೆ. ಸೊನ್ನೆ ಬರೆಯುವ ಮೊದಲು ಅದು ನಿಜವಾದ ಸೊನ್ನೆಯಾ ಅಂತ ಕೇಳಿಕೊಳ್ಳುವ ಅಭ್ಯಾಸ ಇಲ್ಲಿ ಹತ್ತುತ್ತದೆ.

ಕನ್ನಡ ಮೀಡಿಯಂ ಬಗ್ಗೆ ಹೆದರಬೇಡ. ಮನೆಯಲ್ಲಿ ಒಂದು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಪಂಚಾಯತು ಆಫೀಸಿನಲ್ಲಿ ಮಲಯಾಳ ಅಂತ ಬೆಳೆದವರು ನಾವು. ಲಿವರ್‌ಪೂಲಿನವರ ಇಂಗ್ಲಿಷು ಮೊದಲ ತಿಂಗಳು ಯಾರಿಗೂ ಅರ್ಥ ಆಗುವುದಿಲ್ಲ, ಲಂಡನ್ನಿನವರಿಗೂ ಆಗುವುದಿಲ್ಲ. ಕಷ್ಟ ಆಗುವುದು ಬರವಣಿಗೆ. ನಮಗೆ ಗೈಡ್ ಬಾಯಿಪಾಠ ಮಾಡಿ ಅಭ್ಯಾಸ. ಇಲ್ಲಿ ಬೇರೆಯವರ ವಾಕ್ಯ ಹಾಗೆಯೇ ಎತ್ತಿ ಬರೆದರೆ ಕಳ್ಳತನದ ಲೆಕ್ಕ. ನನ್ನ ಮೊದಲ ಪ್ರಬಂಧ ಅದೇ ಕಾರಣಕ್ಕೆ ಬಿತ್ತು.

ಮತ್ತೆ, ಮಲಯಾಳ ಮರೆಯಬೇಡ. ಊರಲ್ಲಿ ಬರೀ ಮಲಯಾಳದ ಬೋರ್ಡು ನೋಡಿ, ಫಾರಂ ನೋಡಿ ಸಿಟ್ಟು ಮಾಡುತ್ತಿದ್ದವಳು ನಾನು, ಆ ಸಿಟ್ಟು ಈಗಲೂ ಇದೆ. ಆದರೆ ಇಲ್ಲಿ ನನಗೆ ಮೊದಲ ಬಾಡಿಗೆ ಕೋಣೆ ಹುಡುಕಿ ಕೊಟ್ಟವರು ಕೋಟ್ಟಯಂ ಕಡೆಯ ಒಬ್ಬ ನರ್ಸ್ ಚೇಚಿ. ಕುಚ್ಚಲಕ್ಕಿ ಸಿಗುವುದೂ ಮಲಯಾಳಿ ಅಂಗಡಿಯಲ್ಲೇ.

ಕೆಲಸದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಪ್ಯಾರಸೈಟಾಲಜಿ ಎಂಎಸ್ಸಿ ಇದ್ದರೆ ಆಸ್ಪತ್ರೆಯ ಲ್ಯಾಬಿನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಆಗಬಹುದು ಅಂದುಕೊಂಡು ಬರುತ್ತಾರೆ. ಆಗುವುದಿಲ್ಲ. ಅದಕ್ಕೆ ಎಚ್‌ಸಿಪಿಸಿ ಅಂತ ಇಲ್ಲಿನ ಆರೋಗ್ಯ ವೃತ್ತಿಗಳ ನಿಯಂತ್ರಣ ಮಂಡಳಿಯ ನೋಂದಣಿ ಬೇಕು, ಅದಕ್ಕೆ ಬೇರೆಯೇ ಓದು, ಬೇರೆಯೇ ತರಬೇತಿ. ಓದು ಮುಗಿದ ಮೇಲೆ ಉಳಿಯಲು ಗ್ರಾಜುಯೇಟ್ ವೀಸಾ ಇದೆ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ನೀನು ಮುಗಿಸುವ ಹೊತ್ತಿಗೆ ಅದೇ ಲೆಕ್ಕ. ನನಗೆ ಅದೂ ಇರಲಿಲ್ಲ. ಆಗಿನ ವೀಸಾವನ್ನು 2012ರ ಏಪ್ರಿಲಿನಲ್ಲಿ ನಿಲ್ಲಿಸಿದರು, ನನ್ನ ಕೋರ್ಸು ಮುಗಿದದ್ದು ಸೆಪ್ಟೆಂಬರಿನಲ್ಲಿ. ಪೆಟ್ಟಿಗೆ ಕಟ್ಟಿ ಊರಿಗೆ ಬಂದೆ. "ಲಂಡನ್ನಿಂದ ವಾಪಸ್ ಕಳಿಸಿದರಂತೆ" ಅಂತ ಪೆರ್ಲ ಪೇಟೆಯಲ್ಲಿ ಮಾತಾಯಿತು. ನಾನು ಲಂಡನ್ನಿನಲ್ಲಿ ಓದಿರಲೇ ಇಲ್ಲ, ಇರಲಿ.

ಮಂಗಳೂರಿನ ಒಂದು ಲ್ಯಾಬಿಗೆ ಸೇರಿದೆ. ಸಂಬಳ ಹೇಳಲು ನಾಚಿಕೆಯಾಗುವಷ್ಟು. ಎರಡು ಮಳೆಗಾಲ ಮಲೇರಿಯಾ ಸ್ಲೈಡ್ ನೋಡಿದೆ. ಆಗ ಅಲ್ಲಿ ಮಲೇರಿಯಾ ಸಿಕ್ಕಾಪಟ್ಟೆ, ಕಟ್ಟಡ ಕೆಲಸದ ಜಾಗಗಳಿಂದ ಜ್ವರದವರು ಸಾಲಾಗಿ ಬರುತ್ತಿದ್ದರು. ಮಲೇರಿಯಾದಲ್ಲಿ ಅಲ್ಲಿ ಕಾಣುತ್ತಿದ್ದದ್ದು ವೈವಾಕ್ಸ್, ಫಾಲ್ಸಿಪಾರಮ್ ಅಂತ ಎರಡು ಜಾತಿ. ವೈವಾಕ್ಸ್ ಹೊಕ್ಕ ರಕ್ತಕಣ ಉಬ್ಬಿ, ಒಳಗೆ ಗುಲಾಬಿ ಚುಕ್ಕೆ ತುಂಬಿರುತ್ತದೆ. ಸ್ಲೈಡಿಗೆ ಹಾಕುವ ಜೀಮ್ಸಾ ಬಣ್ಣದ ನೀರು 7.2 ಪಿಎಚ್ ಇಲ್ಲದಿದ್ದರೆ ಆ ಚುಕ್ಕೆ ಸರಿಯಾಗಿ ಕಾಣುವುದಿಲ್ಲ. ಫಾಲ್ಸಿಪಾರಮ್ ಆದರೆ ಸಣ್ಣ ಉಂಗುರ, ಕೆಲವೊಮ್ಮೆ ಬಾಳೆಹಣ್ಣಿನ ಹಾಗೆ ಬಾಗಿದ ಆಕಾರ. ಒಂದು ದಿನದಲ್ಲಿ ಅಲ್ಲಿ ಕಂಡಷ್ಟನ್ನು ಇಲ್ಲಿನ ಇಡೀ ಕೋರ್ಸಿನಲ್ಲಿ ಕಂಡಿರಲಿಲ್ಲ.

ಆಮೇಲೆ ಮದುವೆಯಾಗಿ ಮತ್ತೆ ಲಿವರ್‌ಪೂಲಿಗೇ ಬಂದೆ. ಲ್ಯಾಬ್ ಅಸಿಸ್ಟೆಂಟ್ ಆಗಿ ಶುರು ಮಾಡಿದೆ. ಬಿಟ್ಟುಹೋದ ವಿಷಯ ಓದಿ, ತರಬೇತಿಯ ಫೈಲು ತುಂಬಿಸಿ, ನೋಂದಣಿ ಆಗಲು ಮೂರು ವರ್ಷ ಬೇಕಾಯಿತು. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 1,500ರಿಂದ 2,000 ಮಲೇರಿಯಾ ಕೇಸು, ಹೆಚ್ಚುಕಡಿಮೆ ಎಲ್ಲವೂ ಹೊರದೇಶದಲ್ಲಿ ಹತ್ತಿಸಿಕೊಂಡು ಬಂದವರದ್ದು. ಒಂದು ಲ್ಯಾಬಿಗೆ ಬರುವುದು ಅದರಲ್ಲಿ ಸ್ವಲ್ಪ. ಹಾಗಾಗಿ ಇಂಟರ್‌ವ್ಯೂನಲ್ಲಿ ನನ್ನ ಎಂಎಸ್ಸಿ ಬಗ್ಗೆ ಯಾರೂ ಜಾಸ್ತಿ ಕೇಳಲಿಲ್ಲ. ಮಂಗಳೂರಿನಲ್ಲಿ ದಿನಕ್ಕೆ ಎಷ್ಟು ಸ್ಲೈಡ್ ನೋಡುತ್ತಿದ್ದೆ ಅಂತ ಕೇಳಿದರು.

ಈಗ ಗೊತ್ತಾಯಿತಲ್ಲ, ಯಾಕೆ ಎರಡು ವರ್ಷ ಕಾಯಿ ಅಂದೆ ಅಂತ. ಮಂಗಳೂರಿನಲ್ಲಿ ಮಲೇರಿಯಾ ಈಗ ತುಂಬಾ ಕಡಿಮೆ, ಒಳ್ಳೆಯದೇ ಆಯಿತು, ನಿನಗೆ ಅಷ್ಟು ಸ್ಲೈಡ್ ಸಿಗಲಿಕ್ಕಿಲ್ಲ. ಆದರೂ ಯಾವುದಾದರೂ ಲ್ಯಾಬಿನಲ್ಲಿ ಕೂರು. ಸೊಳ್ಳೆಯಲ್ಲಿ ಆಸಕ್ತಿ ಇದ್ದರೆ ಪುದುಚೇರಿಯಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ಇದೆ, ಅಲ್ಲಿ ಪಬ್ಲಿಕ್ ಹೆಲ್ತ್ ಎಂಟಮಾಲಜಿ ಎಂಎಸ್ಸಿ ಇದೆ. ಅಥವಾ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೂವಾಲಜಿ ಎಂಎಸ್ಸಿ ಮಾಡು, ಮನೆಯಿಂದ ಬಸ್ಸಿನ ದೂರ. ಆಮೇಲೆ ಇಲ್ಲಿಗೆ ಬಂದರೆ ಏನು ಕಲಿಯಬೇಕು ಅಂತ ನಿನಗೇ ಗೊತ್ತಿರುತ್ತದೆ. ಪಿಎಚ್‌ಡಿಗೇ ನೇರ ಬಂದರೂ ಆಯಿತು, ದುಡ್ಡು ಅವರೇ ಕೊಡುವಂಥದ್ದು ಇರುತ್ತದೆ.

ಅರ್ಜಿಯಲ್ಲಿ "ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ" ಅಂತ ಬರೆಯಬೇಡ, ಅದನ್ನು ಎಲ್ಲರೂ ಬರೆಯುತ್ತಾರೆ. ನಿಮ್ಮ ತೋಟದ ಹತ್ತು ಗೆರಟೆ ತೆಗೆದುಕೊಂಡು ಜೂನಿನಿಂದ ಆಗಸ್ಟಿನವರೆಗೆ ವಾರಕ್ಕೊಮ್ಮೆ ಸೊಳ್ಳೆಮರಿ ಎಣಿಸು. ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡು. ಅದನ್ನು ಬರೆ. ಬರೆದಾದ ಮೇಲೆ ನನಗೆ ಕಳಿಸು, ತಿದ್ದಿ ಕೊಡುತ್ತೇನೆ.

ಚಳಿ, ಮಳೆ ಬಗ್ಗೆ ಅಮ್ಮನಿಗೆ ಚಿಂತೆಯಂತೆ. ಆಟಿ ಮಳೆ ಕಂಡವರಿಗೆ ಇಲ್ಲಿನ ಮಳೆ ಲೆಕ್ಕಕ್ಕೇ ಇಲ್ಲ. ಚಳಿಗೆ ಕೋಟು ಸಿಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಅದು ಮಾತ್ರ ಮೊದಲ ವರ್ಷ ಮನಸ್ಸಿಗೆ ಭಾರ. ಆ ಹೊತ್ತಿಗೆ ಒಬ್ಬಳೇ ಕೋಣೆಯಲ್ಲಿ ಕೂರಬೇಡ. ಅಮ್ಮ ತುಪ್ಪ ಕಟ್ಟಿ ಕೊಡಲು ಹೊರಟರೆ ಬೇಡ ಅನ್ನು, ಭಾರತದಿಂದ ಹಾಲಿನ ಪದಾರ್ಥ ತರಲು ಇಲ್ಲಿ ಬಿಡುವುದಿಲ್ಲ. ನನ್ನ ಒಂದು ಡಬ್ಬಿ ತುಪ್ಪ ವಿಮಾನ ನಿಲ್ದಾಣದಲ್ಲೇ ಉಳಿಯಿತು. ಹಲಸಿನ ಹಪ್ಪಳ ತರಬಹುದು.