ಓಪನ್‌ರಾಕೆಟ್‌ಗೆ ಮೋಟರ್ ಫೈಲ್ ಎಲ್ಲಿಂದ ತರುವುದು, ಹೇಗೆ ಜೋಡಿಸಿ ಇಡುವುದು?

ನೀವು ಕೇಳಿದ್ದು ಇಷ್ಟು: ಉಡುಪಿಯಲ್ಲಿ ಡಿಪ್ಲೊಮಾ ಓದುತ್ತಿದ್ದೀರಿ, ಮಾದರಿ ರಾಕೆಟ್ ಸಿಮ್ಯುಲೇಶನ್‌ಗೆ ಓಪನ್‌ರಾಕೆಟ್ ಎಂಬ ಪ್ರೋಗ್ರಾಂ ಹಾಕಿಕೊಂಡಿದ್ದೀರಿ. ಅಲ್ಲಿ ಇಲ್ಲಿ ಹುಡುಕಿ ನೂರಾರು ಮೋಟರ್ ಫೈಲ್, ಅಂದರೆ ಮೋಟರ್ ಯಾವ ಕ್ಷಣಕ್ಕೆ ಎಷ್ಟು ಬಲದಿಂದ ನೂಕುತ್ತದೆ ಎಂದು ಬರೆದ ಫೈಲ್, ಇಳಿಸಿಕೊಂಡಿದ್ದೀರಿ. ಒಂದೇ ಹೆಸರಿನ ಮೋಟರ್‌ಗೆ ನಾಲ್ಕು ನಾಲ್ಕು ಫೈಲ್ ಉಂಟು, ಯಾವುದನ್ನು ಆರಿಸಬೇಕೆಂದು ಗೊತ್ತಾಗುತ್ತಿಲ್ಲ. ನಾನು ಮಂಗಳೂರಿನಲ್ಲಿ ಭಾನುವಾರಗಳಲ್ಲಿ ಕೆಲವು ವಿದ್ಯಾರ್ಥಿಗಳ ಜೊತೆ ಇದೇ ಕೆಲಸ ಮಾಡುತ್ತೇನೆ. ಎಲ್ಲರೂ ಮೊದಲ ತಿಂಗಳು ನೀವು ಈಗ ನಿಂತ ಜಾಗದಲ್ಲೇ ನಿಂತಿರುತ್ತಾರೆ.

ಮೊದಲಿಗೆ ಆ ಫೋಲ್ಡರನ್ನು ಓಪನ್‌ರಾಕೆಟ್‌ನ ಕಣ್ಣಿಗೆ ಬೀಳದ ಕಡೆ ಸರಿಸಿ ಇಡಿ. ನಿಮಗೆ ಅದರಲ್ಲಿ ಹೆಚ್ಚಿನವು ಬೇಕಾಗಿಯೇ ಇಲ್ಲ. ಓಪನ್‌ರಾಕೆಟ್ ಬರುವಾಗಲೇ ಮೋಟರ್‌ಗಳ ದೊಡ್ಡ ಪಟ್ಟಿಯನ್ನು ಹೊತ್ತುಕೊಂಡು ಬರುತ್ತದೆ, ಅದು ಥ್ರಸ್ಟ್‌ಕರ್ವ್ ಡಾಟ್ ಆರ್ಗ್ ಎಂಬ ತಾಣದಿಂದ ತೆಗೆದದ್ದು. ನೀವು ಅಲ್ಲಿಂದಲೇ ಇಳಿಸಿ ಮತ್ತೆ ಸೇರಿಸಿದರೆ ಒಂದೇ ಮೋಟರ್ ಎರಡೆರಡು ಸಲ ಕಾಣುತ್ತದೆ, ಅಷ್ಟೇ. ಹೊರಗಿನಿಂದ ಫೈಲ್ ತರಬೇಕಾಗುವುದು ಮೂರು ಸಂದರ್ಭದಲ್ಲಿ ಮಾತ್ರ: ಒಂದು, ಮೋಟರ್ ಹೊಸದು, ನಿಮ್ಮ ಓಪನ್‌ರಾಕೆಟ್ ಆವೃತ್ತಿ ಬಂದ ಮೇಲೆ ಬಂದದ್ದು; ಎರಡು, ಒಳಗಿರುವ ದತ್ತಾಂಶ ಹಳೆಯದು, ಈಗ ತಿದ್ದಿದ್ದು ಬಂದಿದೆ; ಮೂರು, ನಿಮ್ಮ ತಂಡವೇ ಪರೀಕ್ಷೆ ಮಾಡಿದ ಮೋಟರ್. ಇವು ಮೂರೂ ಅಲ್ಲದಿದ್ದರೆ ಸುಮ್ನೆ ಒಳಗಿರುವ ಪಟ್ಟಿಯನ್ನೇ ಬಳಸಿ.

ತರಲೇಬೇಕಾದಾಗ ನಾನು ಬೇರೆಲ್ಲೂ ಹೋಗುವುದಿಲ್ಲ, ಥ್ರಸ್ಟ್‌ಕರ್ವ್‌ಗೇ ಹೋಗುತ್ತೇನೆ. ಯಾರದೋ ಡ್ರೈವ್ ಲಿಂಕ್, ಯಾರದೋ ಜಿಪ್ ಫೈಲ್‌ಗಿಂತ ಅದು ಮೇಲು. ಕಾರಣ ಒಂದೇ, ಅಲ್ಲಿ ಪ್ರತಿ ಫೈಲಿನ ಮೂಲ ಬರೆದಿರುತ್ತದೆ. ಪ್ರಮಾಣೀಕರಣ ಸಂಸ್ಥೆಯ ಪರೀಕ್ಷೆಯಿಂದ ಬಂದದ್ದೋ, ತಯಾರಕರು ಕೊಟ್ಟದ್ದೋ, ಯಾರೋ ಬಳಕೆದಾರರು ಮಾಡಿ ಹಾಕಿದ್ದೋ ಎಂದು ನೋಡಬಹುದು. ಅಮೆರಿಕದ ಎನ್‌ಎಆರ್, ಟ್ರಿಪೊಲಿ, ಕೆನಡಾದ ಸಿಎಆರ್ ಇವು ಮೋಟರನ್ನು ಸ್ಟ್ಯಾಂಡಿಗೆ ಕಟ್ಟಿ ಉರಿಸಿ ಅಳೆಯುವ ಸಂಸ್ಥೆಗಳು. ಅವುಗಳ ಅಳತೆಯಿಂದ ಬಂದ ಫೈಲ್ ಇದ್ದರೆ ಮೊದಲು ಅದು. ಇಲ್ಲದಿದ್ದರೆ ತಯಾರಕರದ್ದು. ಬಳಕೆದಾರರದ್ದು ಕೊನೆಗೆ, ಅದೂ ತೆರೆದು ನೋಡಿದ ಮೇಲೆ.

ತೆರೆದು ನೋಡುವುದು ಎಂದೆನಲ್ಲ, ಹೆಚ್ಚಿನವರು ಮಾಡದೇ ಇರುವುದು ಅದೇ. ಮೋಟರ್ ಫೈಲ್‌ಗಳಲ್ಲಿ ಇಎನ್‌ಜಿ ಎಂಬ ಬಗೆಯದ್ದು ಎಂದರೆ ಬರೀ ಟೆಕ್ಸ್ಟ್, ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಎಸ್ಟೆಸ್ ಕಂಪನಿಯ ಸಿ6 ಮೋಟರಿನ ಹಳೆಯ ಫೈಲನ್ನೇ ತೆಗೆದುಕೊಳ್ಳಿ. ಅರ್ಧವಿರಾಮ ಚಿಹ್ನೆಯಿಂದ (;) ಶುರುವಾಗುವ ಸಾಲುಗಳೆಲ್ಲ ಟಿಪ್ಪಣಿ, ಪ್ರೋಗ್ರಾಂ ಅವನ್ನು ಓದುವುದಿಲ್ಲ, ನೀವು ಓದಬೇಕು. ಎನ್‌ಎಆರ್ ದತ್ತಾಂಶದಿಂದ ಮಾಡಿದ್ದು, 2000ನೇ ಇಸವಿ ಸೆಪ್ಟೆಂಬರ್ 4ರಂದು ಮಾಡಿದ್ದು, ಆಗಿನ ಪ್ರೋಗ್ರಾಂ 32ಕ್ಕಿಂತ ಹೆಚ್ಚು ಬಿಂದು ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ನೂಕುಬಲದ ವಕ್ರರೇಖೆ ಇಷ್ಟು ಒರಟಾಗಿದೆ ಎಂದೆಲ್ಲ ಅದರಲ್ಲೇ ಬರೆದಿದ್ದಾರೆ. ಆಮೇಲೆ ಮುಖ್ಯ ಸಾಲು ಬರುತ್ತದೆ. ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ, ನಮ್ಮ ಅಕ್ಷರದಲ್ಲಿ ಬರೆದರೆ ಹೀಗೆ:

ಸಿ6 18 70 0-3-5-7 0.0108 0.0231 ಎಸ್ಟೆಸ್

ಹೆಸರು, ವ್ಯಾಸ 18 ಮಿ.ಮೀ., ಉದ್ದ 70 ಮಿ.ಮೀ., ಸಿಗುವ ಡಿಲೇಗಳು (ಮದ್ದು ಉರಿದು ಮುಗಿದ ಮೇಲೆ ಪ್ಯಾರಾಶೂಟ್ ಹೊರಗೆ ತಳ್ಳುವವರೆಗಿನ ಸಮಯ) 0, 3, 5, 7 ಸೆಕೆಂಡ್, ಪ್ರೊಪೆಲಂಟ್ ಅಂದರೆ ಉರಿಯುವ ಮದ್ದಿನ ತೂಕ, ಒಟ್ಟು ತೂಕ, ತಯಾರಕರು. ತೂಕ ಎರಡೂ ಕಿಲೋಗ್ರಾಂನಲ್ಲಿ ಎಂಬುದು ನೆನಪಿರಲಿ. ಅಂದರೆ ಮದ್ದು 10.8 ಗ್ರಾಂ, ಇಡೀ ಮೋಟರ್ 23.1 ಗ್ರಾಂ. ಯಾರೋ ಕೈಯಲ್ಲಿ ಬರೆದ ಫೈಲಿನಲ್ಲಿ 0.0108, 0.0231 ಬದಲು 10.8, 23.1 ಎಂದಿದ್ದರೆ ನಿಮ್ಮ ಕಾಗದದ ರಾಕೆಟ್ಟಿನಲ್ಲಿ ಹತ್ತು ಕಿಲೋಗಿಂತ ಜಾಸ್ತಿ ಮದ್ದು ಕೂತಿರುತ್ತದೆ, ಅದು ಪ್ಯಾಡ್ ಬಿಟ್ಟು ಏಳುವುದಿಲ್ಲ. ಆಗ ನೀವು ರೆಕ್ಕೆ ಸರಿ ಇಲ್ಲವೋ ಎಂದು ಎರಡು ಸಂಜೆ ಕಳೆಯುತ್ತೀರಿ.

ಅದರ ಕೆಳಗೆ ಎರಡು ಕಾಲಂ: ಸಮಯ ಸೆಕೆಂಡಿನಲ್ಲಿ, ನೂಕುಬಲ ನ್ಯೂಟನ್‌ನಲ್ಲಿ. ಸಿ6ನಲ್ಲಿ 0.192 ಸೆಕೆಂಡಿಗೆ ಬಲ 14.09 ನ್ಯೂಟನ್ ಮುಟ್ಟುತ್ತದೆ, ಕೂಡಲೇ ಇಳಿದು ನಾಲ್ಕೂವರೆ ಆಸುಪಾಸಿನಲ್ಲಿ ಎಳೆಯುತ್ತದೆ, 1.86 ಸೆಕೆಂಡಿಗೆ ಸೊನ್ನೆ. ಮೊದಲ ಬಿಂದು ಸೊನ್ನೆಯಿಂದ ಶುರುವಾಗದಿದ್ದರೆ ಗಾಬರಿ ಬೇಡ, ಪ್ರೋಗ್ರಾಂ ತಾನೇ ಹಾಗೆ ಅಂದುಕೊಳ್ಳುತ್ತದೆ. ಕೊನೆಯ ಬಿಂದು ಮಾತ್ರ ಸೊನ್ನೆಯೇ ಆಗಿರಬೇಕು.

ಈಗ ಒಂದು ಲೆಕ್ಕ ಮಾಡಿ. ಈ ಎರಡು ಕಾಲಮನ್ನು ಎಕ್ಸೆಲ್‌ಗೆ ಹಾಕಿ, ಎಲ್ಲಕ್ಕಿಂತ ಮೇಲೆ 0, 0 ಎಂಬ ಒಂದು ಸಾಲು ಸೇರಿಸಿ. ಪ್ರತಿ ಎರಡು ಸಾಲಿನ ನಡುವಿನ ಸಮಯವನ್ನು ಆ ಎರಡು ಬಲಗಳ ಸರಾಸರಿಯಿಂದ ಗುಣಿಸಿ, ಎಲ್ಲ ಕೂಡಿಸಿ. ನಿಮಗೆ 8.82 ನ್ಯೂಟನ್-ಸೆಕೆಂಡ್ ಸಿಗಬೇಕು. ಇದೇ ಮೋಟರಿನ ಒಟ್ಟು ಇಂಪಲ್ಸ್, ಅಂದರೆ ಉರಿದು ಮುಗಿಯುವವರೆಗೆ ಅದು ಕೊಡುವ ಒಟ್ಟು ನೂಕು. ಸಿ ಅಕ್ಷರ ಎಂದರೆ 5ಕ್ಕಿಂತ ಮೇಲೆ, 10ರ ಒಳಗೆ. ಡಿ ಎಂದರೆ 10ರಿಂದ 20, ಇ 20ರಿಂದ 40, ಹೀಗೆ ಪ್ರತಿ ಅಕ್ಷರಕ್ಕೂ ದುಪ್ಪಟ್ಟು. ಲೆಕ್ಕ ಅಕ್ಷರದ ಮಿತಿಯೊಳಗೆ ಬಂದರೆ ಫೈಲ್ ಮೇಲ್ನೋಟಕ್ಕೆ ಸರಿ. ಬರದಿದ್ದರೆ ಆ ಫೈಲ್ ಬಿಡಿ, ತಿದ್ದಲು ಹೋಗಬೇಡಿ.

ಇನ್ನೊಂದು ವಿಷಯವೂ ಇದರಲ್ಲೇ ಕಾಣುತ್ತದೆ. 8.82ನ್ನು 1.86ರಿಂದ ಭಾಗಿಸಿದರೆ ಸರಾಸರಿ ಬಲ 4.7 ನ್ಯೂಟನ್. ಹೆಸರಿನಲ್ಲಿ 6 ಎಂದಿದೆಯಲ್ಲ! ಹೆಸರಿನ ಅಂಕಿ ಸರಾಸರಿ ಬಲವನ್ನೇ ಹೇಳುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ, ಆದರೆ ಇಲ್ಲಿ ಅಳತೆ ಹೇಳುವುದೇ ಬೇರೆ. ಅದಕ್ಕೇ ಹೆಸರು ನೋಡಿ ಲೆಕ್ಕ ಹಾಕಿದರೆ ಸಾಲದು, ಫೈಲ್ ಬೇಕು.

ಹೆಸರಿನ ಗೊಂದಲ ಅಲ್ಲಿಗೆ ಮುಗಿಯುವುದಿಲ್ಲ. ಸಿ6 ಎಂಬ ಹೆಸರಿನಲ್ಲಿ ಎಸ್ಟೆಸ್ ಮಾತ್ರ ಅಲ್ಲ, ಕ್ವೆಸ್ಟ್ ಕೂಡ ಮಾಡಿತ್ತು, ಜರ್ಮನಿಯ ಕ್ಲಿಮಾ ಕೂಡ ಮಾಡುತ್ತದೆ. ಮೂರೂ 18 ಮಿ.ಮೀ. ವ್ಯಾಸದವು, ವಕ್ರರೇಖೆ ಬೇರೆ ಬೇರೆ. ನಮ್ಮ ಗುಂಪಿನಲ್ಲಿ ಒಬ್ಬಳು ಬಂದು, "ಸರ್, ಡಿಸೈನ್ ಒಂದೇ, ಇವನ ರಾಕೆಟ್ ಮಾತ್ರ ನನ್ನದಕ್ಕಿಂತ ಮೇಲೆ ಹೋಗ್ತದೆ" ಎಂದು ಜಗಳ ತೆಗೆದಳು. ಇಬ್ಬರ ಲ್ಯಾಪ್‌ಟಾಪನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ, ಇಬ್ಬರದ್ದೂ ಸಿ6, ತಯಾರಕರು ಬೇರೆ. ದೊಡ್ಡ ಮೋಟರಿನಲ್ಲಿ ಇದು ತಿರುವುಮುರುವು: ಸಿಸರೋನಿ ಕಂಪನಿಯವರು ಒಟ್ಟು ಇಂಪಲ್ಸನ್ನೇ ಹೆಸರಿನ ಮುಂದೆ ಸೇರಿಸುತ್ತಾರೆ. 648ಜೆ285-15ಎ ಎಂದರೆ 648 ನ್ಯೂಟನ್-ಸೆಕೆಂಡಿನ ಜೆ285, ಡಿಲೇ 15 ಸೆಕೆಂಡ್. ಒಂದು ಕಡೆ ಪೂರ್ತಿ ಹೆಸರು, ಇನ್ನೊಂದು ಕಡೆ ಬರೀ ಜೆ285 ಎಂದಿದ್ದರೆ ಎರಡು ಮೋಟರ್ ಎಂದುಕೊಳ್ಳಬೇಡಿ.

ಆರ್‌ಎಸ್‌ಇ ಎಂಬ ಇನ್ನೊಂದು ಬಗೆಯ ಮೋಟರ್ ಫೈಲ್ ಕೂಡ ಉಂಟು. ಅದು ರಾಕ್‌ಸಿಮ್ ಎಂಬ ಪ್ರೋಗ್ರಾಮಿನದ್ದು, ಎಕ್ಸ್‌ಎಂಎಲ್ ರೂಪದಲ್ಲಿರುತ್ತದೆ. ಬಲದ ಜೊತೆಗೆ ಪ್ರತಿ ಕ್ಷಣದ ತೂಕ, ಗುರುತ್ವಕೇಂದ್ರ ಕೂಡ ಅದರಲ್ಲಿ ಬರೆಯಬಹುದು. ಇಎನ್‌ಜಿಯಲ್ಲಿ ಅದಿಲ್ಲ, ಪ್ರೋಗ್ರಾಂ ಅಂದಾಜು ಮಾಡಿಕೊಳ್ಳುತ್ತದೆ. ಚಿಕ್ಕ ಮೋಟರಿಗೆ ಎಂತದೂ ವ್ಯತ್ಯಾಸ ಆಗುವುದಿಲ್ಲ. ಉದ್ದದ ದೊಡ್ಡ ಮೋಟರಿನಲ್ಲಿ ಸ್ಥಿರತೆಯ ಲೆಕ್ಕಕ್ಕೆ ಆರ್‌ಎಸ್‌ಇ ಒಳ್ಳೆಯದು. ಒಂದು ಮೋಟರಿಗೆ ಎರಡರಲ್ಲಿ ಒಂದನ್ನು ಮಾತ್ರ ಇಡಿ.

ಈಗ ಜೋಡಿಸುವ ವಿಷಯ. ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಓಪನ್‌ರಾಕೆಟ್‌ನ ಪ್ರಿಫರೆನ್ಸಸ್ ಒಳಗೆ ಸ್ವಂತ ಥ್ರಸ್ಟ್ ಕರ್ವ್ (ನೂಕುಬಲದ ವಕ್ರರೇಖೆ, ಅಂದರೆ ನಿಮ್ಮ ಮೋಟರ್ ಫೈಲ್) ಎಲ್ಲಿದೆ ಎಂದು ಹೇಳುವ ಜಾಗ ಉಂಟು. ಫೋಲ್ಡರ್, ಇಎನ್‌ಜಿ, ಆರ್‌ಎಸ್‌ಇ, ಜಿಪ್ ಯಾವುದನ್ನೂ ಕೊಡಬಹುದು. ಅಲ್ಲಿ ಒಂದೇ ಒಂದು ಫೋಲ್ಡರ್ ಕೊಡಿ, ಅದರಲ್ಲಿ ನೀವು ತೆರೆದು ನೋಡಿ ಲೆಕ್ಕ ಮಾಡಿದ ಫೈಲ್ ಮಾತ್ರ ಇರಲಿ. ಇಳಿಸಿದ್ದು ಇಳಿಸಿದ ಹಾಗೇ ಇರುವ ಇನ್ನೊಂದು ಫೋಲ್ಡರ್ ದೂರದಲ್ಲಿರಲಿ, ಅದನ್ನು ಯಾವತ್ತೂ ತಿದ್ದಬೇಡಿ. ಬದಲಾಯಿಸಿದ ಮೇಲೆ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಬೇಕು, ಇಲ್ಲದಿದ್ದರೆ ಹೊಸ ಮೋಟರ್ ಕಾಣುವುದಿಲ್ಲ. ತೆರೆದ ಮೇಲೂ ಕಾಣದಿದ್ದರೆ ಫೈಲ್ ಹೆಸರಿನ ಬಾಲ ನೋಡಿ. ಬ್ರೌಸರ್ ಎಷ್ಟೋ ಸಲ ಇಎನ್‌ಜಿ ಹಿಂದೆ ಟಿಎಕ್ಸ್‌ಟಿ ಅಂಟಿಸುತ್ತದೆ, ವಿಂಡೋಸ್ ಅದನ್ನು ಅಡಗಿಸಿ ತೋರಿಸುತ್ತದೆ.

ಫೈಲ್ ಹೆಸರು ಇಂಗ್ಲಿಷಿನಲ್ಲಿ, ಒಂದೇ ಕ್ರಮದಲ್ಲಿ ಇಡಿ: ತಯಾರಕರು, ಮೋಟರ್, ಮೂಲ, ಇಸವಿ. ಇಷ್ಟು ಹೆಸರಿನಲ್ಲೇ ಇದ್ದರೆ ಪಟ್ಟಿ ತೆರೆದ ಕೂಡಲೇ ಎಲ್ಲ ಸಾಲಾಗಿ ಕಾಣುತ್ತದೆ. ವ್ಯಾಸಕ್ಕೆ, ಅಕ್ಷರಕ್ಕೆ ಬೇರೆ ಬೇರೆ ಫೋಲ್ಡರ್ ಮಾಡುವ ಚಟ ಕೆಲವರಿಗೆ ಉಂಟು. ನನಗೆ ಅದು ಇಷ್ಟವಿಲ್ಲ, ಪ್ರೋಗ್ರಾಮಿನ ಒಳಗೇ ವ್ಯಾಸ, ತಯಾರಕರು ನೋಡಿ ಸೋಸಬಹುದು. ತುಂಬ ಹೋಲುವ ವಕ್ರರೇಖೆಗಳನ್ನು ಮರೆಮಾಡುವ ಆಯ್ಕೆಯೂ ಅಲ್ಲೇ ಇದೆ. ತಂಡದಲ್ಲಿ ಕೆಲಸ ಮಾಡುತ್ತೀರಾದರೆ ಆ ಒಂದು ಫೋಲ್ಡರನ್ನು ಡ್ರೈವ್‌ನಲ್ಲಿ ಹಂಚಿಕೊಳ್ಳಿ, ಒಬ್ಬರಿಗೆ ಮಾತ್ರ ಬದಲಾಯಿಸುವ ಅಧಿಕಾರ ಕೊಡಿ. ರಾಸ್‌ಏರೋ ಎಂಬ ಇನ್ನೊಂದು ಸಿಮ್ಯುಲೇಶನ್ ಪ್ರೋಗ್ರಾಂ ಬಳಸುವವರು ಇದ್ದರೆ ಅದರ ಕ್ರಮ ಬೇರೆ, ಅದು ಎಲ್ಲ ಮೋಟರನ್ನೂ ಒಂದೇ ಉದ್ದದ ಇಎನ್‌ಜಿ ಫೈಲಿನಿಂದ ಓದುತ್ತದೆ. ಒಂದು ಫೈಲಿನಲ್ಲಿ ಒಂದರ ಕೆಳಗೊಂದು ಎಷ್ಟು ಮೋಟರ್ ಬೇಕಾದರೂ ಬರೆಯಬಹುದು.

ಮುಗಿದ ಡಿಸೈನಿನ ಮೋಟರ್ ಫೈಲನ್ನು ನಡುವೆ ಬದಲಾಯಿಸಬೇಡಿ. ಓಪನ್‌ರಾಕೆಟ್ ಹೆಸರನ್ನಷ್ಟೇ ಅಲ್ಲ, ಆ ವಕ್ರರೇಖೆಯ ಗುರುತನ್ನೂ ಡಿಸೈನ್ ಫೈಲಿನಲ್ಲಿ ಇಟ್ಟುಕೊಂಡಿರುತ್ತದೆ. ಫೈಲ್ ಬದಲಾದರೆ ಮುಂದಿನ ಸಲ ಎಚ್ಚರಿಕೆ ಬರುತ್ತದೆ. ಅದನ್ನು ಓದದೆ ಓಕೆ ಒತ್ತುವವರೇ ಹೆಚ್ಚು.

ನೀವು ಹಾರಿಸುವ ಯೋಚನೆಯಲ್ಲಿದ್ದರೆ ಒಂದು ಮಾತು. ಈ ಮೋಟರ್‌ಗಳು ಮಂಗಳೂರಿನ ಹಂಪನಕಟ್ಟೆಯ ಆಟಿಕೆ ಅಂಗಡಿಯಲ್ಲಿ ಸಿಗುವವಲ್ಲ. ಜಾತ್ರೆಗೆ ಗರ್ನಾಲು ಮಾಡುವವರ ಹತ್ತಿರ ಮದ್ದು ತಂದು ತುಂಬಿಸುವ ಐಡಿಯಾ ಪ್ರತಿ ವರ್ಷ ಒಬ್ಬನಾದರೂ ಹೇಳುತ್ತಾನೆ. ಬೇಡವೇ ಬೇಡ. ಕೈಕಾಲಿಗೂ ಅಪಾಯ, 1884ರ ಸ್ಫೋಟಕ ಕಾಯ್ದೆ, 2008ರ ಸ್ಫೋಟಕ ನಿಯಮಗಳ ಪ್ರಕಾರ ಲೈಸನ್ಸ್ ಇಲ್ಲದೆ ಮಾಡಿದರೆ ಅಪರಾಧ ಕೂಡ. ನಿಮ್ಮ ಪಕ್ಕದ ಮಣಿಪಾಲದ ಎಂಐಟಿಯಲ್ಲಿ ಥ್ರಸ್ಟ್‌ಎಂಐಟಿ ಎಂಬ ವಿದ್ಯಾರ್ಥಿಗಳ ರಾಕೆಟ್ ತಂಡ ಉಂಟು, ಅಮೆರಿಕದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಎಂಬ ರಾಕೆಟ್ ಸ್ಪರ್ಧೆಯವರೆಗೆ ಹೋಗಿ ಬಂದವರು. ಅವರಲ್ಲಿ ಯಾರನ್ನಾದರೂ ಹಿಡಿದು ಮಾತಾಡಿದರೆ ನೀವು ಒಂದು ವರ್ಷದಲ್ಲಿ ಕಲಿಯುವುದನ್ನು ಒಂದು ಸಂಜೆಯಲ್ಲಿ ಕೇಳಿಸಿಕೊಳ್ಳಬಹುದು.

ಮೋಟರ್ ಫೈಲ್ ಎಲ್ಲ ಸರಿ ಮಾಡಿದ ಮೇಲೂ ಎತ್ತರದ ಲೆಕ್ಕ ವಿಚಿತ್ರ ಅನಿಸಿದರೆ ಉಡಾವಣೆ ಜಾಗದ ವಿವರ ನೋಡಿ. ಓಪನ್‌ರಾಕೆಟ್ ತಾನಾಗಿ ಇಟ್ಟುಕೊಳ್ಳುವ ಅಕ್ಷಾಂಶ 28.61, ರೇಖಾಂಶ ಮೈನಸ್ 80.60. ಅಂದರೆ ನೀವು ಇಷ್ಟು ದಿನ ಫ್ಲಾರಿಡಾದ ಕೇಪ್ ಕೆನವೆರಲ್‌ನಿಂದ ಹಾರಿಸುತ್ತಿದ್ದೀರಿ! ಉಡುಪಿಗೆ 13.3, 74.7 ಎಂದು ಹಾಕಿ. ಅದಕ್ಕಿಂತ ಮುಖ್ಯ ತಾಪಮಾನ. ಪ್ರಮಾಣಿತ ವಾತಾವರಣ ಎಂಬ ಟಿಕ್ ತೆಗೆಯದಿದ್ದರೆ ಅದು ಸಮುದ್ರಮಟ್ಟದಲ್ಲಿ 15 ಡಿಗ್ರಿ ಎಂದು ಹಿಡಿಯುತ್ತದೆ. ನಮ್ಮ ಕರಾವಳಿಯಲ್ಲಿ 15 ಡಿಗ್ರಿ ಕಂಡವರು ಯಾರಿದ್ದಾರೆ? 33 ಹಾಕಿದರೆ ಗಾಳಿಯ ಸಾಂದ್ರತೆ ಸುಮಾರು ಶೇ. 6ರಷ್ಟು ಇಳಿಯುತ್ತದೆ, ರಾಕೆಟ್ ಸ್ವಲ್ಪ ಮೇಲೆ ಹೋಗುತ್ತದೆ. ಗಾಳಿಯ ವೇಗ ಸೆಕೆಂಡಿಗೆ 2 ಮೀಟರ್ ಎಂದಿರುತ್ತದೆ. ಮಧ್ಯಾಹ್ನದ ಮೇಲೆ ಪಡುಗಾಳಿ ಬೀಸುವ ಹೊತ್ತಿಗೆ ಅದನ್ನು 5ಕ್ಕೆ ಏರಿಸಿ ಓಡಿಸಿ, ಪ್ಯಾರಾಶೂಟ್ ಎಷ್ಟು ದೂರ ಹೋಗಿ ಬೀಳುತ್ತದೆ ನೋಡಿ. ಆ ದೂರ ನಿಮ್ಮ ಕಾಲೇಜಿನ ಮೈದಾನಕ್ಕಿಂತ ಜಾಸ್ತಿ ಇದ್ದರೆ ಮೋಟರನ್ನು ಒಂದು ಅಕ್ಷರ ಕೆಳಗೆ ಇಳಿಸಿ ಮತ್ತೆ ಓಡಿಸಿ.