ತಮ್ಮನಿಗೆ ಅಂಗಡಿ ಹಾಕಿಕೊಡುವ ಮೊದಲು

ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡು ವರ್ಷಗಳಿಂದ ಮನೆಯಲ್ಲಿಯೇ ಇರುವ ನಿಮ್ಮ ತಮ್ಮನಿಗೆ ಜೆರಾಕ್ಸ್ ಅಂಗಡಿ ಹಾಕಿಕೊಡುವುದೋ, ಸರ್ಕಾರಿ ಪರೀಕ್ಷೆಗೆ ಕೋಚಿಂಗ್ ಕೊಡಿಸುವುದೋ, ಮನೆಯಿಂದಲೇ ಮಾಡುವ ಡೇಟಾ ಎಂಟ್ರಿ ಕೆಲಸ ಹುಡುಕುವುದೋ ಎಂದು ಕೇಳಿದ್ದೀರಿ. ‘ಅವನು ಸುಮ್ಮನೆ ಕೂರಬಾರದು’ ಎಂದೂ ಬರೆದಿದ್ದೀರಿ. ಇದೇ ಮಾತನ್ನು ನಾನು 2015ರಲ್ಲಿ ಕಂಡಕಂಡವರ ಬಳಿಯೆಲ್ಲ ಹೇಳುತ್ತಿದ್ದೆ.

ನಮ್ಮದು ಸುಳ್ಯ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಕೆಳಗೆ ಒಂದೂವರೆ ಎಕರೆ ಅಡಿಕೆ ತೋಟವಿದೆ. 2014ರ ಜುಲೈಯಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟಿತ್ತು; ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲು ಆಳು ಸಿಗದೆ ತಮ್ಮನೇ ಮರ ಏರಿದ. ಆಗ ಅವನಿಗೆ 26 ವರ್ಷ. ಹಾವಸೆ ಹಿಡಿದ ಮರದಿಂದ ಜಾರಿ ಬಿದ್ದವನಿಗೆ ಒಡೆದದ್ದು ಎದೆಯ ಬೆನ್ನುಮೂಳೆ ಮುಗಿದು ಸೊಂಟದ ಮೂಳೆ ಆರಂಭವಾಗುವ ಜಾಗ, ವೈದ್ಯರ ಭಾಷೆಯಲ್ಲಿ ಡಿ12 ಮತ್ತು ಎಲ್1. ಎತ್ತರದಿಂದ ಬಿದ್ದವರಲ್ಲಿ ಹೆಚ್ಚಾಗಿ ಪೆಟ್ಟಾಗುವುದು ಅಲ್ಲಿಯೇ ಎಂಬುದು ಆಮೇಲೆ ತಿಳಿಯಿತು. ಕೈಗಳ ಶಕ್ತಿ ಪೂರ್ತಿ ಉಳಿಯಿತು. ಸೊಂಟದಿಂದ ಕೆಳಗೆ ಚಲನೆಯೂ ಹೋಯಿತು, ಸ್ಪರ್ಶವೂ ಹೋಯಿತು, ಮಲಮೂತ್ರದ ಮೇಲಿನ ಹಿಡಿತವೂ ಹೋಯಿತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ರಾಡು ಹಾಕಿ ಮೂರು ವಾರಕ್ಕೆ ಮನೆಗೆ ಕಳುಹಿಸಿದರು.

ನಾನು ಪ್ರೌಢಶಾಲೆಯ ಶಿಕ್ಷಕಿ. ಪಾಠಕ್ಕೆ ಯೋಜನೆ ಹಾಕುವಂತೆ ತಮ್ಮನ ಬದುಕಿಗೂ ಒಂದು ಯೋಜನೆ ಹಾಕಿದೆ. ಬ್ಯಾಂಕಿನ ಮ್ಯಾನೇಜರರನ್ನು, ಪಂಚಾಯಿತಿ ಸದಸ್ಯರನ್ನು, ನಮ್ಮ ಮುಖ್ಯೋಪಾಧ್ಯಾಯರನ್ನು, ಭಾವನನ್ನು ಕೇಳಿದೆ. ಎಲ್ಲರೂ ಒಂದೇ ಮಾತು ಹೇಳಿದರು: ಕುಳಿತು ಮಾಡುವ ವ್ಯಾಪಾರ ಒಳ್ಳೆಯದು. ನನ್ನ ಸಂಬಳದ ಮೇಲೆ ಸಹಕಾರಿ ಸಂಘದಿಂದ 1,80,000 ರೂಪಾಯಿ ಸಾಲ ಪಡೆದು, ಬಸ್ ನಿಲ್ಲುವ ಜಾಗದಲ್ಲಿ ಜೆರಾಕ್ಸ್ ಮತ್ತು ಮೊಬೈಲ್ ರೀಚಾರ್ಜ್ ಅಂಗಡಿಯನ್ನು ಆಯುಧಪೂಜೆಯ ದಿನ ತೆರೆದೆವು. ಎಲ್ಲ ಸಿದ್ಧವಾದ ಮೇಲೆ ಅವನ ಬಳಿ ‘ಆಗಬಹುದಲ್ಲ?’ ಎಂದೆ. ‘ಆಗಬಹುದು ಅಕ್ಕ’ ಎಂದ. ಆ ಉತ್ತರವನ್ನು ನಾನು ಒಪ್ಪಿಗೆಯೆಂದು ತಿಳಿದೆ. ಹಾಸಿಗೆಯಿಂದ ಏಳಬೇಕಾದರೂ ಇನ್ನೊಬ್ಬರ ಕೈ ಬೇಕಾದವನು, ತನಗಾಗಿ ಸಾಲ ಮಾಡಿ ಬಂದು ಮುಂದೆ ನಿಂತ ಅಕ್ಕನಿಗೆ ಬೇರೆ ಏನು ಹೇಳಬಲ್ಲ ಎಂದು ನಾನು ಯೋಚಿಸಲಿಲ್ಲ.

ಈ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ‘ಅವನನ್ನು ಕೇಳಲಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಅದರ ಬೆಲೆ ನಿಮಗೆ ಅರ್ಥವಾಗುವುದಿಲ್ಲ. ಅಂಗಡಿಯ ಕೌಂಟರನ್ನು ಬಡಗಿ ಮಾಡಿದ್ದು ನಿಂತವರ ಎತ್ತರಕ್ಕೆ, ಅಂದರೆ 42 ಅಂಗುಲಕ್ಕೆ. ಅಳತೆ ಕೊಟ್ಟವಳು ನಾನು. ಕೌಂಟರಿನ ಹಿಂದೆ ಉಳಿದ ಜಾಗದಲ್ಲಿ ಗಾಲಿಕುರ್ಚಿ ಹಿಡಿಸಲಿಲ್ಲ. ಆದ್ದರಿಂದ ದಿನವೂ ಬೆಳಿಗ್ಗೆ ಅವನನ್ನು ಗಾಲಿಕುರ್ಚಿಯಿಂದ ಎತ್ತಿ, ಎತ್ತರಕ್ಕಾಗಿ ಎರಡನ್ನು ಒಂದರ ಮೇಲೊಂದು ಇಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸುತ್ತಿದ್ದೆವು. ಗಾಲಿಕುರ್ಚಿಯ ಮೇಲಿದ್ದ ದಪ್ಪ ಕುಶನ್ ಗಾಲಿಕುರ್ಚಿಯ ಮೇಲೆಯೇ ಉಳಿಯುತ್ತಿತ್ತು. ಸ್ಪರ್ಶವಿಲ್ಲದವರು ಕುಳಿತಾಗ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡೂ ಕೈಯೂರಿ ದೇಹವನ್ನು ಮೇಲೆತ್ತಿ ಒಂದೆರಡು ನಿಮಿಷ ಹಿಡಿಯಬೇಕು, ಅಥವಾ ಅತ್ತಿತ್ತ ವಾಲಿ ಭಾರ ಬದಲಿಸಬೇಕು. ನಾವಾದರೆ ನೋವಾದ ತಕ್ಷಣ ಗೊತ್ತಿಲ್ಲದೆಯೇ ಸರಿದು ಕೂರುತ್ತೇವೆ. ಅವನಿಗೆ ಆ ನೋವು ತಿಳಿಯುವುದೇ ಇಲ್ಲ. ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಯೂರಲು ಆಸರೆ ಇರಲಿಲ್ಲ. ಇದ್ದಿದ್ದರೂ, ಎದುರಿಗೆ ಗಿರಾಕಿ ನಿಂತಿರುವಾಗ ಸೊಂಟ ಮೇಲೆತ್ತಲು ಅವನಿಗೆ ನಾಚಿಕೆಯಾಗುತ್ತಿತ್ತು.

ಇನ್ನು ಮೂತ್ರದ ವಿಷಯ. ನಾಲ್ಕರಿಂದ ಆರು ಗಂಟೆಗೊಮ್ಮೆ ಅವನು ತಾನೇ ಕ್ಯಾಥೆಟರ್ ಎಂಬ ತೆಳು ನಳಿಕೆ ಹಾಕಿ ಮೂತ್ರ ತೆಗೆಯಬೇಕು. ಅಂಗಡಿಯ ಬಳಿ ಇದ್ದದ್ದು ಹೋಟೆಲಿನ ಹಿಂದಿನ ಶೌಚಾಲಯ ಒಂದೇ, ಅದಕ್ಕೂ ಮೂರು ಮೆಟ್ಟಿಲು. ಅವನು ಕಂಡುಕೊಂಡ ಪರಿಹಾರವೆಂದರೆ ನೀರು ಕುಡಿಯದಿರುವುದು. ಬೆಳಿಗ್ಗೆ ಎಂಟರ ಕಾಫಿಯ ನಂತರ ಸಂಜೆ ಮನೆಗೆ ಬರುವ ತನಕ ಒಂದು ಗುಟುಕು ನೀರು ಇಲ್ಲ. ಅಮ್ಮ ಕಳುಹಿಸಿದ ಮಜ್ಜಿಗೆಯ ಬಾಟಲಿ ತುಂಬಿದಂತೆಯೇ ಹಿಂದೆ ಬರುತ್ತಿತ್ತು. ನಾನು ಅದನ್ನು ನೋಡಿಯೂ ಕಾರಣ ಕೇಳಲಿಲ್ಲ. ಅವನು ಹೇಳಲಿಲ್ಲ, ಏಕೆಂದರೆ ಇಂಥ ವಿಷಯವನ್ನು ಅಕ್ಕನ ಬಳಿ ಹೇಗೆ ಹೇಳುವುದು?

ಐದನೆಯ ತಿಂಗಳಿನಲ್ಲಿ ಒಂದು ಸಂಜೆ ಅಮ್ಮ ಅವನ ಬಟ್ಟೆ ಒಗೆಯಲು ತೆಗೆದುಕೊಂಡವರು ವಾಸನೆ ನೋಡಿ ನನ್ನನ್ನು ಕರೆದರು. ಪ್ಯಾಂಟಿನ ಹಿಂದೆ ಎಂಟಾಣೆಯಷ್ಟು ಅಗಲದ ಹಳದಿ ಕಲೆ ಇತ್ತು. ಚರ್ಮದ ಮೇಲಿನ ತೂತೂ ಅಷ್ಟೇ ಚಿಕ್ಕದು. ಮರುದಿನ ವೈದ್ಯರು ಅದರೊಳಗೆ ಬ್ಯಾಂಡೇಜ್ ಬಟ್ಟೆ ತುರುಕಲು ಆರಂಭಿಸಿದಾಗ ಅದು ಒಳಗೆ ಹೋಗುತ್ತಲೇ ಇತ್ತು. ಇಂಥ ಆಳವಾದ ಒತ್ತಡದ ಹುಣ್ಣು ಹೆಚ್ಚಾಗಿ ಎಲುಬಿನ ಬಳಿ ಹುಟ್ಟಿ ಹೊರಗೆ ಬರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಒಳಗೆ ಗುಹೆಯಾಗಿರುತ್ತದೆ. ಪಕ್ಕದ ಮಾಂಸವನ್ನು ತಿರುಗಿಸಿ ಮುಚ್ಚುವ ಶಸ್ತ್ರಚಿಕಿತ್ಸೆಯನ್ನೂ ಸೇರಿಸಿ ಅವನು ಏಳು ತಿಂಗಳು ಕವುಚಿ ಮಲಗಿದ. ಅಂಗಡಿ ಮುಚ್ಚಿತು, ಸಾಲದ ಕಂತು ಉಳಿಯಿತು. ಹಣ ಹೇಗೋ ತೀರಿತು. ಆದರೆ ತನ್ನ 28ನೆಯ ವಯಸ್ಸಿನಲ್ಲಿ ಏಳು ತಿಂಗಳು ಅವನು ನೆಲ ನೋಡುತ್ತ ಮಲಗಿದ್ದಕ್ಕೆ ನಾನು ಕೊಟ್ಟ ಒಂದು ಅಳತೆ ಕಾರಣವಾಯಿತಲ್ಲ, ಅದನ್ನು ನಾನು ತೀರಿಸಲಾರೆ.

ಹುಣ್ಣು ಮಾಗಿದ ಮೇಲೆ ಒಂದು ಪುನರ್ವಸತಿ ಶಿಬಿರಕ್ಕೆ ಹೋದೆವು. ಅಲ್ಲಿ ತರಬೇತಿ ಕೊಡುತ್ತಿದ್ದವರೂ ಗಾಲಿಕುರ್ಚಿಯಲ್ಲಿಯೇ ಇದ್ದವರು. ತಮ್ಮ ಏನು ಓದಿದ್ದಾನೆ, ಏನು ಕೆಲಸ ಮಾಡಬಲ್ಲ ಎಂದು ಅವರು ಕೇಳಲಿಲ್ಲ. ನನ್ನನ್ನು ಹೊರಗೆ ಕೂರಲು ಹೇಳಿ, ಅವನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಏಳುವುದರಿಂದ ಮಲಗುವ ತನಕ ತನ್ನ ದಿನ ಹೇಗೆ ಹೋಗುತ್ತದೆ ಎಂದು ಗಂಟೆಗಂಟೆಯಾಗಿ ಬರೆಯಿಸಿದರು. ಬೆಳಗಿನ ಶೌಚಕ್ಕೇ ಒಂದೂವರೆ ಗಂಟೆ, ಸ್ನಾನ ಮತ್ತು ಬಟ್ಟೆಗೆ ಒಂದು ಗಂಟೆ, ಕ್ಯಾಥೆಟರಿಗೆ ದಿನಕ್ಕೆ ಐದು ಸಲ, ವ್ಯಾಯಾಮ, ಮಧ್ಯಾಹ್ನ ಭಾರ ಇಳಿಸಿ ಮಲಗುವ ಹೊತ್ತು, ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳುವ ಹೊತ್ತು. ಎಲ್ಲವನ್ನೂ ಕಳೆದರೆ ಅವನ ಕೈಯಲ್ಲಿ ಉಳಿಯುತ್ತಿದ್ದದ್ದು ಐದು ಗಂಟೆ. ನಾನು ಅವನಿಗೆ ಹಾಕಿಕೊಟ್ಟಿದ್ದದ್ದು ಒಂಬತ್ತು ಗಂಟೆಯ ಅಂಗಡಿ.

ಎರಡನೆಯ ಪುಟದಲ್ಲಿ, ಆ ಐದು ಗಂಟೆಗಳಲ್ಲಿ ಏನೇನು ಬೇಕು ಎಂದು ಬರೆಯಬೇಕಿತ್ತು. ಆ ಪುಟವನ್ನು ಅವನು ನನಗೆ ತೋರಿಸಿದ್ದು ಒಂದು ವಾರದ ನಂತರ. ‘ಬೆಳಿಗ್ಗೆ ಯಾರೂ ಕರೆದುಕೊಂಡು ಹೋಗದೆ ನಾನೊಬ್ಬನೇ ತೋಟಕ್ಕೆ ಇಳಿಯಬೇಕು’ ಎಂಬುದು ಮೊದಲನೆಯದು. ‘ಆಟಕ್ಕೆ ಹೋಗಬೇಕು, ನಾಲ್ಕು ಜನ ಹೊತ್ತುಕೊಂಡು ಹೋಗಿ ಎದುರಿನ ಸಾಲಿನಲ್ಲಿ ಕೂರಿಸಬಾರದು, ಮೊದಲಿನ ಹಾಗೆ ಚೌಕಿಯ ಹತ್ತಿರ ಇರಬೇಕು’ ಎಂಬುದು ಎರಡನೆಯದು (ನಮ್ಮ ಕಡೆ ಆಟವೆಂದರೆ ಯಕ್ಷಗಾನ, ಚೌಕಿಯೆಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ). ಅಮ್ಮನಿಂದ ಸ್ನಾನ ಮಾಡಿಸಿಕೊಳ್ಳುವುದು ನಿಲ್ಲಬೇಕು ಎಂಬುದು ಮೂರನೆಯದು. ಸಂಪಾದನೆ ನಾಲ್ಕನೆಯ ಸಾಲಿನಲ್ಲಿತ್ತು. ಮೇಲಿನ ಮೂರು ಸಾಲುಗಳು ಅವನ ಮನಸ್ಸಿನಲ್ಲಿವೆ ಎಂಬುದು ಒಂದೇ ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ.

ಆದ್ದರಿಂದ ಅಂಗಡಿಯೋ, ಕೋಚಿಂಗೋ, ಡೇಟಾ ಎಂಟ್ರಿಯೋ ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ಆ ಪ್ರಶ್ನೆಯೇ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸುಮ್ಮನೆ ಕೂರಬಾರದು ಎಂಬುದು ನಿಮ್ಮ ಸಂಕಟ, ಅವನದಲ್ಲ. ಹಾಸಿಗೆಯಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಕಮೋಡಿಗೆ ತಾನೇ ದಾಟಿಕೊಳ್ಳಲು ನಿಮ್ಮ ತಮ್ಮನಿಗೆ ಬರುತ್ತದೆಯೇ? ಬರದಿದ್ದರೆ, ಕೈಗಳಲ್ಲಿ ಶಕ್ತಿಯಿದ್ದರೆ, ಮೊದಲು ಅದನ್ನು ಕಲಿಯಲಿ. ಅದಕ್ಕೆ ಆರು ತಿಂಗಳು ಹಿಡಿದರೂ ಹಿಡಿಯಲಿ. ಕಲಿಸುವವರು ಅದೇ ಸ್ಥಿತಿಯಲ್ಲಿರುವವರಾದರೆ ಇನ್ನೂ ಒಳ್ಳೆಯದು. ಅಕ್ಕನಿಗೆ ಹೇಳಲಾಗದ್ದನ್ನು ನನ್ನ ತಮ್ಮ ಅಂಥವರಿಗೆ ಮೊದಲ ದಿನವೇ ಹೇಳಿದ. ನೀವು ಬೆಂಗಳೂರಿನ ಕಡೆಯವರಾದರೆ, ಸ್ವತಃ ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ವಿಕಲಚೇತನರಿಗಾಗಿ ಆರಂಭಿಸಿದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಲಿಂಗರಾಜಪುರದಲ್ಲಿದೆ. ಬೆನ್ನುಹುರಿಯ ಪೆಟ್ಟಿನವರ ಪುನರ್ವಸತಿಯೂ ತೋಟಗಾರಿಕೆಯ ತರಬೇತಿಯೂ ಆ ಸಂಸ್ಥೆಯಿಂದ ಉಂಟು. ನಮ್ಮ ಕಡೆಯವರಾದರೆ ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿರುವ ಬೆನ್ನುಹುರಿ ಪುನರ್ವಸತಿ ಕೇಂದ್ರ ಸೇವಾಧಾಮವನ್ನು ವಿಚಾರಿಸಿ.

ಕಾಗದಪತ್ರಗಳನ್ನು ತಡಮಾಡದೆ ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದ್ದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4ರ ಮೀಸಲಾತಿ ಇದೆ; ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದ್ದರೆ ಪಿಂಚಣಿಗೂ ಬಸ್ ಪಾಸಿಗೂ ಉಪಯೋಗವಾಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಭೇಟಿಯಾಗಿ. ಅರ್ಜಿಗೆ ಸಹಿ ಹಾಕಿಸಿಕೊಳ್ಳುವಾಗ ಅದರಲ್ಲಿ ಏನಿದೆ ಎಂದು ತಮ್ಮನಿಗೆ ಓದಿ ಹೇಳಿ. ನಾನು ಅದನ್ನೂ ಮಾಡಿರಲಿಲ್ಲ.

ನಮ್ಮ ಮನೆಯಲ್ಲಿ ಮೊದಲು ಆದದ್ದು ತೋಟದ ದಾರಿ. ಅಂಗಳದಿಂದ ತೋಟಕ್ಕೆ ಮೂರು ಅಡಿ ಇಳಿಜಾರು. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ ಎಂಬುದು ಗಾಲಿಕುರ್ಚಿಯ ಲೆಕ್ಕ, ಹಾಗಾಗಿ ಮೂವತ್ತಾರು ಅಡಿ ಬೇಕಾಯಿತು. ನಡುವೆ ತಿರುಗಲು ಒಂದು ಸಮತಟ್ಟಾದ ಜಾಗ ಬಿಟ್ಟು ಕೆಂಪುಕಲ್ಲಿನ ಮೇಲೆ ಕಾಂಕ್ರೀಟ್ ಹಾಕಿಸಿದೆವು. ನೀರು ಹರಿಯುವ ಕಣಿ ದಾಟಲು ಇದ್ದ ಅಡಿಕೆ ಮರದ ಸಂಕವನ್ನು (ಕಾಲುಸೇತುವೆ) ತೆಗೆದು ಚಪ್ಪಡಿ ಕೂರಿಸಿದೆವು. ಈ ಬಾರಿ ಅಳತೆ ಕೊಟ್ಟವನು ಅವನು. ಟೇಪಿನ ಒಂದು ತುದಿ ಹಿಡಿದುಕೊಂಡು ನಾನು ಅವನು ಹೇಳಿದಲ್ಲಿ ನಿಂತೆ.

ಕೆಲಸ ಆಮೇಲೆ ತಾನಾಗಿ ಬಂತು, ಅದೂ ನಾನು ಯೋಚಿಸಿಯೇ ಇರದ ಕಡೆಯಿಂದ. ತೋಟದ ಕಾಳುಮೆಣಸಿನ ಬಳ್ಳಿಗಳು ಸೊರಗುರೋಗಕ್ಕೆ ಸಾಯುತ್ತಿದ್ದವು. ಆ ರೋಗವನ್ನು ತಡೆದುಕೊಳ್ಳುವ ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ಮೆಣಸಿನ ಕಸಿ ಕಟ್ಟುವುದನ್ನು ನೆರೆಯವರೊಬ್ಬರಿಂದ ಕಲಿತ. ಕಸಿಯ ಮೇಜಿನಡಿ ಮೊಣಕಾಲು ಹೋಗುವಂತೆ ಎತ್ತರ ಇಡಿಸಿಕೊಂಡ. ಹಿಪ್ಪಲಿಯ ಕಾಂಡವನ್ನು ಬ್ಲೇಡಿನಿಂದ ಸೀಳಿ, ಬೆಣೆಯಂತೆ ಕೆತ್ತಿದ ಮೆಣಸಿನ ಕಡ್ಡಿಯನ್ನು ಅದರಲ್ಲಿ ಇಳಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುವಾಗ ಅವನ ಹೆಬ್ಬೆರಳು ಸಿಪ್ಪೆಗೆ ಸಿಪ್ಪೆ ಕೂಡಿದೆಯೇ ಎಂದು ತಡವಿ ನೋಡುತ್ತದೆ. ಮೊದಲ ಮಳೆಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಕಸಿ ಕೊಳೆತುಹೋಯಿತು. ಈಗಲೂ ವರ್ಷಕ್ಕೊಮ್ಮೆಯಾದರೂ ಮೂತ್ರದ ಸೋಂಕಿನಿಂದ ಚಳಿಜ್ವರ ಬಂದು ವಾರಗಟ್ಟಲೆ ಮಲಗುತ್ತಾನೆ. ಅವನ ಆದಾಯ ನನ್ನ ಸಂಬಳದ ಕಾಲು ಭಾಗಕ್ಕೂ ಬರುವುದಿಲ್ಲ. ಆ ಲೆಕ್ಕವನ್ನು ನಮ್ಮ ಮನೆಯಲ್ಲಿ ಈಗ ಯಾರೂ ಹಾಕುವುದಿಲ್ಲ. ಆಟದ ರಾತ್ರಿ ಚೌಕಿಯ ಬಳಿಗೆ ಗಾಲಿಕುರ್ಚಿ ಹೋಗುವಂತೆ ಗದ್ದೆಯಲ್ಲಿ ಹಲಗೆ ಹಾಸಬೇಕು ಎಂದು ಸಂಘಟಕರಿಗೆ ಅವನೇ ಫೋನ್ ಮಾಡುತ್ತಾನೆ. ಕೆಲವರು ಹಾಸುತ್ತಾರೆ, ಕೆಲವರು ಹಾಸುವುದಿಲ್ಲ.

ಈ ಉತ್ತರವನ್ನು ನೀವೊಬ್ಬರೇ ಓದಿ ನಿರ್ಧಾರ ಮಾಡಬೇಡಿ, ನಿಮ್ಮ ತಮ್ಮನ ಕೈಗೆ ಕೊಡಿ. ಅವನು ಒಪ್ಪಿದರೆ ನನ್ನ ತಮ್ಮ ಅವನೊಂದಿಗೆ ಮಾತನಾಡಲು ಸಿದ್ಧನಿದ್ದಾನೆ. ಕರೆ ಮಾಡುವುದಾದರೆ ಬೆಳಿಗ್ಗೆ ಹತ್ತರ ನಂತರ ಮಾಡಲಿ. ಅದಕ್ಕೆ ಮುಂಚೆ ಅವನು ತೋಟದಲ್ಲಿರುತ್ತಾನೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎಚ್ಚರಿಸುವ ಕೈಗಡಿಯಾರವೊಂದನ್ನು ಬಿಟ್ಟರೆ ಫೋನನ್ನು ಅಲ್ಲಿಗೆ ಒಯ್ಯುವುದಿಲ್ಲ.